ದಿನವೂ ಬೇಕಾಗುವ ಫೋಲ್ಡರುಗಳು ಬೇಗ ಸಿಗಲು ನೀವು ಡೆಸ್ಕ್‌ಟಾಪನ್ನು ಹೇಗೆ ಇಟ್ಟುಕೊಂಡಿದ್ದೀರಿ?

ನಮಸ್ಕಾರ. ನಾನು ಅನುವಾದದ ಕೆಲಸ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ದಿನವಿಡೀ ಬೇಕಾಗುವುದು ಆರೇಳು ಫೋಲ್ಡರುಗಳು ಮಾತ್ರ. ಹೊಸದಾಗಿ ಬಂದ ಕೆಲಸ, ನಡೆಯುತ್ತಿರುವ ಕೆಲಸ, ಮುಗಿಸಿ ಕಳಿಸಿದ್ದು, ಪದಪಟ್ಟಿಗಳು, ಬಿಲ್ಲುಗಳು, ಹೀಗೆ. ಎಲ್ಲವೂ ಡಿ ಡ್ರೈವಿನಲ್ಲಿವೆ. ಒಂದು ಫೋಲ್ಡರಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಪ್ರತಿಸಲ ಐದಾರು ಕ್ಲಿಕ್ ಮಾಡಬೇಕು. ಬೇಜಾರಾಗಿ ಮೂರ್ನಾಲ್ಕು ಫೋಲ್ಡರುಗಳನ್ನು ಮೌಸಿನಿಂದ ಎಳೆದು ಡೆಸ್ಕ್‌ಟಾಪಿಗೇ ತಂದೆ. ಈಗ ಡೆಸ್ಕ್‌ಟಾಪೇ ತುಂಬಿಹೋಗಿದೆ, ಅಲ್ಲೂ ಹುಡುಕಬೇಕು. ನೀವೆಲ್ಲ ಹೇಗೆ ಮಾಡುತ್ತೀರಿ? ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳದೆ ಆಗುವ ದಾರಿ ಇದ್ದರೆ ಒಳ್ಳೆಯದು.

*

ಬೇರೆ ಏನನ್ನೂ ಮಾಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಡಿ ಡ್ರೈವಿನಿಂದ ಎಳೆದು ತಂದೆ ಅಂದಿರಿ. ಡೆಸ್ಕ್‌ಟಾಪ್ ಅನ್ನುವುದು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುವ ಒಂದು ಫೋಲ್ಡರ್. ವಿಂಡೋಸಿನಲ್ಲಿ ಒಂದೇ ಡ್ರೈವಿನೊಳಗೆ ಎಳೆದರೆ ಫೋಲ್ಡರ್ ಜಾಗ ಬದಲಿಸುತ್ತದೆ. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಎಳೆದರೆ ಹಾಗಲ್ಲ, ನಕಲು ಆಗುತ್ತದೆ. ಅಂದರೆ ನಿಮ್ಮ ಪದಪಟ್ಟಿಗಳು ಈಗ ಎರಡು ಕಡೆ ಇರಬಹುದು. ಒಂದು ದಿನ ಡೆಸ್ಕ್‌ಟಾಪಿನದ್ದನ್ನು ತಿದ್ದಿರುತ್ತೀರಿ, ಇನ್ನೊಂದು ದಿನ ಡಿ ಡ್ರೈವಿನದ್ದನ್ನು. ಎರಡೂ ಫೋಲ್ಡರುಗಳನ್ನು ಅಕ್ಕಪಕ್ಕ ತೆರೆದು, ಕೊನೆಗೆ ತಿದ್ದಿದ ದಿನಾಂಕ ಹೋಲಿಸಿ. ಯಾವುದು ಹೊಸದು ಅಂತ ತಿಳಿಯುವವರೆಗೆ ಯಾವುದನ್ನೂ ಅಳಿಸಬೇಡಿ.

ಹೀಗೆ ಆಗುವುದು ನನಗೆ ಗೊತ್ತು, ಯಾಕಂದರೆ ನನಗೇ ಆಗಿದೆ. ಒಂದು ವರದಿಯ ಹಳೆಯ ಪ್ರತಿಯನ್ನೇ ತಿದ್ದಿ ಕಳಿಸಿಬಿಟ್ಟಿದ್ದೆ. ಅವತ್ತಿನಿಂದ ಒಂದು ಫೋಲ್ಡರಿಗೆ ಒಂದೇ ಮನೆ ಅಂತ ಇಟ್ಟುಕೊಂಡಿದ್ದೇನೆ. ಬಾಗಿಲು ಎಷ್ಟು ಬೇಕಾದರೂ ಇರಲಿ.

ಬಾಗಿಲು ಅಂದರೆ ಶಾರ್ಟ್‌ಕಟ್. ಆಲ್ಟ್ ಕೀ ಒತ್ತಿ ಹಿಡಿದು ಫೋಲ್ಡರನ್ನು ಡೆಸ್ಕ್‌ಟಾಪಿಗೆ ಎಳೆಯಿರಿ. ಫೋಲ್ಡರ್ ಇದ್ದಲ್ಲೇ ಇರುತ್ತದೆ, ಶಾರ್ಟ್‌ಕಟ್ ಮಾತ್ರ ಬರುತ್ತದೆ. ಕೀ ನೆನಪಿಡುವುದು ಕಷ್ಟ ಅನಿಸಿದರೆ ಮೌಸಿನ ಬಲಗುಂಡಿ ಒತ್ತಿಕೊಂಡು ಎಳೆದು ಬಿಡಿ. ನಕಲು ಮಾಡಲೋ, ಸ್ಥಳ ಬದಲಿಸಲೋ, ಶಾರ್ಟ್‌ಕಟ್ ಮಾಡಲೋ ಅಂತ ಅದೇ ಕೇಳುತ್ತದೆ. ನಾನು ಈಗ ಎಡಗುಂಡಿಯಿಂದ ಫೋಲ್ಡರುಗಳನ್ನು ಎಳೆಯುವುದೇ ಇಲ್ಲ.

ಆದರೆ ನನ್ನ ಅನುಭವದಲ್ಲಿ ಡೆಸ್ಕ್‌ಟಾಪ್ ಅರ್ಧ ಉತ್ತರ ಮಾತ್ರ. ಒಂದು ದಿನ ಗಮನವಿಟ್ಟು ನೋಡಿ, ಜಾಸ್ತಿ ಹೊತ್ತು ಎಲ್ಲಿ ಹೋಗುತ್ತಿದೆ ಅಂತ. ಫೋಲ್ಡರ್ ತೆರೆಯುವಾಗ ಅಲ್ಲ, ಸೇವ್ ಮಾಡುವಾಗ. ಬ್ರೌಸರಿನಿಂದ, ಮೇಲ್‌ನಿಂದ, ವರ್ಡ್‌ನಿಂದ ಏನಾದರೂ ಸೇವ್ ಮಾಡಲು ಹೋದರೆ ಚಿಕ್ಕದೊಂದು ಕಿಟಕಿ ತೆರೆಯುತ್ತದೆ, ಅಲ್ವಾ? ಅಲ್ಲಿ ಮತ್ತೆ ಮೊದಲಿನಿಂದ ಡಿ ಡ್ರೈವ್, ಒಳಗೆ, ಇನ್ನೂ ಒಳಗೆ. ಡೆಸ್ಕ್‌ಟಾಪಿನಲ್ಲಿ ಎಷ್ಟು ಚೆಂದ ಜೋಡಿಸಿದ್ದರೂ ಆ ಹೊತ್ತಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಆ ಕಿಟಕಿಯ ಎಡಪಟ್ಟಿಯಲ್ಲಿ ಕಾಣುವುದು ಕ್ವಿಕ್ ಆಕ್ಸೆಸ್. ಹಾಗಾಗಿ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪಿನ್ ಟು ಕ್ವಿಕ್ ಆಕ್ಸೆಸ್ ಆರಿಸಿ. ತೆರೆಯಲೂ ಅದೇ, ಸೇವ್ ಮಾಡಲೂ ಅದೇ. ನಿಮ್ಮ ಆರೇಳನ್ನು ಅಲ್ಲಿ ಪಿನ್ ಮಾಡಿ, ಬೇಡದ ಪಿನ್‌ಗಳನ್ನು ತೆಗೆಯಿರಿ. ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್ ನೀವು ಮುಟ್ಟುವುದೇ ಇಲ್ಲ ಅಂದರೆ ಆ ಪಟ್ಟಿಯಲ್ಲಿ ಸುಮ್ನೆ ಯಾಕೆ? ಪಿನ್ ತೆಗೆದರೆ ಫೋಲ್ಡರ್ ಅಳಿಯುವುದಿಲ್ಲ.

ಇನ್ನೊಂದು ಚಿಕ್ಕ ಕೆಲಸವೂ ಮಾಡಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ, ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಪ್ರೈವಸಿ ಅನ್ನುವ ಭಾಗದಲ್ಲಿ, ಪದೇ ಪದೇ ಬಳಸಿದ ಫೋಲ್ಡರುಗಳನ್ನು ತಾನಾಗಿಯೇ ತೋರಿಸುವ ಆಯ್ಕೆ ಇದೆ. ಅದರ ಗುರುತು ತೆಗೆಯಿರಿ. ಇಲ್ಲದಿದ್ದರೆ ಆ ಪಟ್ಟಿ ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ. ಇವತ್ತು ಮೂರನೆಯದಾಗಿದ್ದದ್ದು ನಾಳೆ ಐದನೆಯದು. ಜಾಗ ಬದಲಾಗದಿದ್ದರೆ ಒಂದು ವಾರದಲ್ಲಿ ಕೈ ತಾನೇ ಅಲ್ಲಿಗೆ ಹೋಗುತ್ತದೆ. ಓದಿ ಹುಡುಕುವ ಕೆಲಸವೇ ಇರುವುದಿಲ್ಲ.

*

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಸೇವ್ ಮಾಡುವ ಕಿಟಕಿಗೆ ನನ್ನದೂ ಒಂದು ಸೇರಿಸುತ್ತೇನೆ. ಪಿನ್ ಮಾಡದ ಯಾವುದೋ ಫೋಲ್ಡರ್ ಈಗಾಗಲೇ ಎಕ್ಸ್‌ಪ್ಲೋರರಿನಲ್ಲಿ ತೆರೆದಿದೆ ಅಂತಿಟ್ಟುಕೊಳ್ಳಿ. ಅಲ್ಲಿ ಆಲ್ಟ್ ಮತ್ತು ಡಿ ಒತ್ತಿದರೆ ಮೇಲಿನ ವಿಳಾಸಪಟ್ಟಿ ಆಯ್ಕೆಯಾಗುತ್ತದೆ. ಅದನ್ನು ಕಾಪಿ ಮಾಡಿ, ಸೇವ್ ಕಿಟಕಿಯಲ್ಲಿ ಫೈಲಿನ ಹೆಸರು ಬರೆಯುವ ಜಾಗದಲ್ಲಿ ಪೇಸ್ಟ್ ಮಾಡಿ ಎಂಟರ್ ಒತ್ತಿ. ನೇರ ಆ ಫೋಲ್ಡರಿಗೇ ಹೋಗುತ್ತದೆ. ಆಮೇಲೆ ಹೆಸರು ಕೊಟ್ಟು ಸೇವ್ ಮಾಡಿ. ಒಮ್ಮೆ ಮಾತ್ರ ಬೇಕಾಗುವ ಫೋಲ್ಡರಿಗೆ ಇದೇ ಸಾಕು, ಪಿನ್ ಬೇಡ.

*

ನಾನು ಲೆಕ್ಕಪತ್ರ ನೋಡುವವಳು. ಕೈ ಯಾವಾಗಲೂ ಕೀಬೋರ್ಡಿನ ಮೇಲೇ ಇರುತ್ತದೆ. ಮೌಸ್ ಹಿಡಿಯುವುದೇ ನನಗೆ ತಡ ಅನಿಸುತ್ತದೆ. ಹಾಗಾಗಿ ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟುಗಳಿಗೆ ಕೀಗಳನ್ನು ಕೊಟ್ಟಿದ್ದೇನೆ. ಶಾರ್ಟ್‌ಕಟ್ಟಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಅಲ್ಲಿ ಶಾರ್ಟ್‌ಕಟ್ ಕೀ ಅನ್ನುವ ಚೌಕದಲ್ಲಿ ಕ್ಲಿಕ್ ಮಾಡಿ ಬಿ ಒತ್ತಿದೆ. ಕಂಟ್ರೋಲ್, ಆಲ್ಟ್, ಬಿ ಅಂತ ಅದೇ ತುಂಬಿಕೊಂಡಿತು. ಈಗ ಯಾವ ಪ್ರೋಗ್ರಾಮಿನಲ್ಲಿದ್ದರೂ ಆ ಮೂರು ಕೀ ಒತ್ತಿದರೆ ಬಿಲ್ಲುಗಳ ಫೋಲ್ಡರ್ ತೆರೆಯುತ್ತದೆ.

ಎರಡು ಎಚ್ಚರಿಕೆ. ಈ ಕೀ ಕೆಲಸ ಮಾಡಬೇಕಾದರೆ ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲಿ ಅಥವಾ ಸ್ಟಾರ್ಟ್ ಮೆನುವಿನಲ್ಲೇ ಇರಬೇಕು. ನಾನು ಒಮ್ಮೆ ಅಚ್ಚುಕಟ್ಟಾಗಿರಲಿ ಅಂತ ಎಲ್ಲ ಶಾರ್ಟ್‌ಕಟ್ಟುಗಳನ್ನು ಬೇರೊಂದು ಫೋಲ್ಡರಿಗೆ ಹಾಕಿದೆ, ಎಲ್ಲ ಕೀಗಳೂ ನಿಂತುಹೋದವು. ಎರಡನೆಯದು, ಕೆಲವು ಕೀಬೋರ್ಡ್ ವಿನ್ಯಾಸಗಳಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಜೊತೆ ಒತ್ತಿದರೆ ಬೇರೆ ಅಕ್ಷರ ಮೂಡುತ್ತದೆ. ನೀವು ಅನುವಾದಕರು, ಎರಡು ಮೂರು ಭಾಷೆಯಲ್ಲಿ ಟೈಪ್ ಮಾಡುತ್ತೀರಿ. ಕೀ ಕೊಡುವ ಮುಂಚೆ ಪ್ರತಿ ಭಾಷೆಯಲ್ಲೂ ಅದನ್ನು ಒಮ್ಮೆ ಒತ್ತಿ ನೋಡಿ.

ಕೀ ನಾಲ್ಕೇ ಸಾಕು. ನಾನು ಹನ್ನೊಂದು ಕೊಟ್ಟು ನೋಡಿದ್ದೇನೆ, ನೆನಪಿನಲ್ಲಿ ಉಳಿದದ್ದು ನಾಲ್ಕು.

*

ವಿಂಡೋಸ್ 10ರ ತನಕ ಟಾಸ್ಕ್‌ಬಾರಿನಲ್ಲಿ ಟೂಲ್‌ಬಾರ್ ಅಂತ ಇತ್ತು. ಒಂದು ಫೋಲ್ಡರನ್ನು ತೋರಿಸಿದರೆ ಸಾಕು, ಅದರೊಳಗಿನ ಎಲ್ಲವೂ ಮೆನುವಿನ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ನನ್ನ ಇಡೀ ಕೆಲಸ ಅದರ ಮೇಲೇ ನಿಂತಿತ್ತು. 2021ರಲ್ಲಿ ವಿಂಡೋಸ್ 11 ಬಂದಾಗ ಅದನ್ನು ತೆಗೆದುಹಾಕಿದರು. ಅದಕ್ಕೇ ನಾನು ಬಹಳ ದಿನ ಹಳೆಯದರಲ್ಲೇ ಉಳಿದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತು, ಬದಲಾಗಲೇಬೇಕಾಯಿತು. ಆ ಟೂಲ್‌ಬಾರಿನಷ್ಟು ಒಳ್ಳೆಯದು ಇನ್ನೂ ಸಿಕ್ಕಿಲ್ಲ. ಆದರೂ ಈಗ ನಾನು ಮಾಡುವುದನ್ನು ಹೇಳುತ್ತೇನೆ.

ಫೋಲ್ಡರನ್ನು ನೇರವಾಗಿ ಟಾಸ್ಕ್‌ಬಾರಿನಲ್ಲಿ ಅದರದೇ ಚಿತ್ರದೊಂದಿಗೆ ಪಿನ್ ಮಾಡಲು ಆಗುವುದಿಲ್ಲ. ಅದಕ್ಕೆ ಒಂದು ದಾರಿ ಇದೆ. ಮೊದಲು ಡೆಸ್ಕ್‌ಟಾಪಿನಲ್ಲಿ ಫೋಲ್ಡರಿನ ಶಾರ್ಟ್‌ಕಟ್ ಮಾಡಿ. ಪ್ರಾಪರ್ಟೀಸ್ ತೆರೆದರೆ ಟಾರ್ಗೆಟ್ ಅನ್ನುವ ಚೌಕದಲ್ಲಿ ಫೋಲ್ಡರಿನ ವಿಳಾಸ ಇರುತ್ತದೆ. ಆ ವಿಳಾಸ ಶುರುವಾಗುವ ಮೊದಲೇ explorer ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಒಂದು ಸ್ಪೇಸ್ ಬಿಡಿ. ಅಲ್ಲೇ ಚೇಂಜ್ ಐಕಾನ್ ಒತ್ತಿ ಬೇರೆ ಚಿತ್ರ ಕೊಡಿ. ಇಲ್ಲದಿದ್ದರೆ ಎಲ್ಲವೂ ಒಂದೇ ತರಹ ಕಂಡು ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಆಮೇಲೆ ಶಾರ್ಟ್‌ಕಟ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ, ಹೆಚ್ಚಿನ ಆಯ್ಕೆಗಳನ್ನು ತೆರೆದು, ಟಾಸ್ಕ್‌ಬಾರಿಗೆ ಪಿನ್ ಮಾಡಿ. ಟಾಸ್ಕ್‌ಬಾರಿನಲ್ಲಿ ಅದು ಎರಡನೆಯ ಜಾಗದಲ್ಲಿದ್ದರೆ ವಿಂಡೋಸ್ ಕೀ ಜೊತೆ 2 ಒತ್ತಿದರೆ ತೆರೆಯುತ್ತದೆ. ಮೂರನೆಯದಕ್ಕೆ 3.

*

ಎಲ್ಲರೂ ಹೊಸದಾಗಿ ಮಾಡುವುದನ್ನು ಹೇಳುತ್ತಿದ್ದೀರಿ. ನಾನು ಅಳಿಸುವುದರ ಬಗ್ಗೆ ಹೇಳುತ್ತೇನೆ, ದಯವಿಟ್ಟು ಗಮನ ಕೊಡಿ. ಶಾರ್ಟ್‌ಕಟ್ ಅಳಿಸಿದರೆ ಏನೂ ಆಗುವುದಿಲ್ಲ, ನಿಜ. ಆದರೆ ನಿಜವಾದ ಫೋಲ್ಡರು ಮತ್ತು ಶಾರ್ಟ್‌ಕಟ್ ಒಂದೇ ಡೆಸ್ಕ್‌ಟಾಪಿನಲ್ಲಿ ಬೆರೆತಾಗ ಅಪಾಯ. ನನ್ನ ತಂದೆಯವರ ಫೋಟೋಗಳ ಫೋಲ್ಡರನ್ನು ಶಾರ್ಟ್‌ಕಟ್ ಅಂದುಕೊಂಡು ಶಿಫ್ಟ್ ಜೊತೆ ಡಿಲೀಟ್ ಒತ್ತಿಬಿಟ್ಟೆ. ಹಾಗೆ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಸ್ವಲ್ಪ ಭಾಗ ಹಳೆಯ ಪೆನ್‌ಡ್ರೈವಿನಲ್ಲಿತ್ತು, ಉಳಿದದ್ದು ಹೋಯಿತು.

ಶಾರ್ಟ್‌ಕಟ್ ಆದರೆ ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ. ಚೆಂದ ಕಾಣಲಿ ಅಂತ ಕೆಲವರು ಆ ಬಾಣವನ್ನು ತೆಗೆಯುವ ಉಪಾಯ ಹೇಳಿಕೊಡುತ್ತಾರೆ. ಬೇಡ. ಅದು ಇರಲಿ. ನಿಮ್ಮ ಡೆಸ್ಕ್‌ಟಾಪಿನಲ್ಲಿ ಬಾಣವಿಲ್ಲದ ಫೋಲ್ಡರ್ ಒಂದೂ ಇರದ ಹಾಗೆ ನೋಡಿಕೊಳ್ಳಿ.

*

ಕಣ್ಣಿಗೆ ಬೇಗ ಸಿಗಲು ಒಂದು ಮಾತು. ನನ್ನ ಅಮ್ಮನಿಗೆ ಹಳದಿ ಫೋಲ್ಡರುಗಳೆಲ್ಲ ಒಂದೇ ತರಹ ಕಾಣುತ್ತಿದ್ದವು, ಹೆಸರು ಓದಲು ಕನ್ನಡಕ ಹುಡುಕಬೇಕಿತ್ತು. ನಾಲ್ಕು ಶಾರ್ಟ್‌ಕಟ್ಟಿಗೆ ನಾಲ್ಕು ಬೇರೆ ಐಕಾನ್ ಹಾಕಿ ನಾಲ್ಕು ಮೂಲೆಯಲ್ಲಿ ಇಟ್ಟೆ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಕಂಟ್ರೋಲ್ ಒತ್ತಿ ಮೌಸಿನ ಗಾಲಿ ತಿರುಗಿಸಿದರೆ ಐಕಾನುಗಳು ದೊಡ್ಡದಾಗುತ್ತವೆ. ಹಿಂದೆ ಬೂದು ಬಣ್ಣ, ಚಿತ್ರ ಇಲ್ಲ. ಆಟೋ ಅರೇಂಜ್ ಆಫ್ ಮಾಡಿದ್ದೇನೆ, ಇಲ್ಲದಿದ್ದರೆ ಎಲ್ಲ ಎಡಗಡೆಗೆ ಬಂದು ಸಾಲು ನಿಲ್ಲುತ್ತವೆ. ಈಗ ಅಮ್ಮ ಹೆಸರು ಓದುವುದಿಲ್ಲ, ಮೂಲೆ ನೋಡಿ ಒತ್ತುತ್ತಾರೆ.

*

ಮ್ಯಾಕ್ ಬಳಸುವವರು ಯಾರಾದರೂ ಓದುತ್ತಿದ್ದರೆ: ಡಾಕ್‌ನಲ್ಲಿ ಕಸದ ಬುಟ್ಟಿಯ ಪಕ್ಕ, ಗೆರೆಯ ಆಚೆಗೆ ಫೋಲ್ಡರನ್ನು ಎಳೆದು ಬಿಟ್ಟರೆ ಅಲ್ಲೇ ಉಳಿಯುತ್ತದೆ. ಒತ್ತಿದರೆ ಒಳಗಿನದು ಅಲ್ಲೇ ತೆರೆದುಕೊಳ್ಳುತ್ತದೆ. ಫೈಂಡರಿನ ಎಡಪಟ್ಟಿಗೂ ಹೀಗೇ ಎಳೆದು ಹಾಕಬಹುದು, ಅದು ಸೇವ್ ಕಿಟಕಿಯಲ್ಲೂ ಕಾಣುತ್ತದೆ. ತೆರೆದಿರುವ ಸೇವ್ ಕಿಟಕಿಯ ಮೇಲೆ ಫೈಂಡರಿನಿಂದ ಫೋಲ್ಡರನ್ನು ಎಳೆದು ಬಿಟ್ಟರೆ ಸೇವ್ ಕಿಟಕಿಯೇ ಆ ಫೋಲ್ಡರಿಗೆ ಹೋಗುತ್ತದೆ.

*

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ತೋರಿಸುವ ವ್ಯವಸ್ಥೆಗಳು ಹಲವು ಇವೆ. ಅದರಲ್ಲಿ ಗ್ನೋಮ್ ಅನ್ನುವುದಿದ್ದರೆ, ಬೇರೆ ಏನೂ ಸೇರಿಸದಿದ್ದಾಗ ಡೆಸ್ಕ್‌ಟಾಪಿನಲ್ಲಿ ಐಕಾನುಗಳೇ ಇರುವುದಿಲ್ಲ. ಮೊದಮೊದಲು ಕಷ್ಟವಾಯಿತು. ಈಗ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ ಬುಕ್‌ಮಾರ್ಕ್ ಮಾಡಿಕೊಳ್ಳುತ್ತೇನೆ. ಅಂಥದೇ ಇನ್ನೊಂದಾದ ಕೆಡಿಇ ಪ್ಲಾಸ್ಮಾದಲ್ಲಿ ಫೋಲ್ಡರ್ ವ್ಯೂ ಅನ್ನುವ ವಿಜೆಟ್ ಇದೆ. ಡೆಸ್ಕ್‌ಟಾಪಿನ ಮೇಲೆ ಚೌಕವೊಂದನ್ನು ಇಟ್ಟು, ಅದರಲ್ಲಿ ಬೇಕಾದ ಫೋಲ್ಡರಿನ ಒಳಗಿರುವುದನ್ನೆಲ್ಲ ಸದಾ ಕಾಣುವ ಹಾಗೆ ಇಡಬಹುದು. ಹೊಸ ಫೈಲ್ ಬಂದರೆ ಅಲ್ಲೇ ಕಾಣಿಸುತ್ತದೆ. ನಡೆಯುತ್ತಿರುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

*

ಪ್ರಶ್ನೆ ಕೇಳಿದವಳು ನಾನು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಉತ್ತರ ಓದಿದ ಕೂಡಲೇ ಹೋಗಿ ನೋಡಿದೆ. ಹೌದು, ಎರಡು ಪ್ರತಿ ಇದ್ದವು. ಬಿಲ್ಲುಗಳಲ್ಲಿ ತೊಂದರೆ ಇರಲಿಲ್ಲ, ಎರಡೂ ಒಂದೇ. ಪದಪಟ್ಟಿಯಲ್ಲಿ ಮಾತ್ರ ಕೆಲವು ಪದಗಳು ಇಲ್ಲಿ, ಕೆಲವು ಅಲ್ಲಿ.

ಈಗ ಐದು ಫೋಲ್ಡರುಗಳನ್ನು ಕ್ವಿಕ್ ಆಕ್ಸೆಸ್‌ನಲ್ಲಿ ಪಿನ್ ಮಾಡಿದ್ದೇನೆ. ತಾನಾಗಿ ಬರುವುದನ್ನು ನಿಲ್ಲಿಸಿದೆ. ಕೀ ಎರಡಕ್ಕೆ ಮಾತ್ರ ಕೊಟ್ಟೆ, ನಡೆಯುತ್ತಿರುವ ಕೆಲಸಕ್ಕೆ ಮತ್ತು ಪದಪಟ್ಟಿಗೆ. ಮೊದಲು ಕೊಟ್ಟ ಕೀ ಒಂದು ಭಾಷೆಯ ಕೀಬೋರ್ಡಿನಲ್ಲಿ ಅಕ್ಷರ ಮೂಡಿಸುತ್ತಿತ್ತು, ನೀವು ಹೇಳಿದ್ದರಿಂದ ಗೊತ್ತಾಗಿ ಬದಲಿಸಿದೆ. ಪದಪಟ್ಟಿಯ ಎರಡು ಪ್ರತಿಗಳನ್ನು ಸೇರಿಸುವ ಕೆಲಸ ಅರ್ಧ ಆಗಿದೆ. ಅದು ಮುಗಿದ ಮೇಲೆ ಡೆಸ್ಕ್‌ಟಾಪಿನ ಬಾಣವಿಲ್ಲದ ಫೋಲ್ಡರುಗಳನ್ನು ತೆಗೆಯುತ್ತೇನೆ, ಶಿಫ್ಟ್ ಒತ್ತದೆ.