ಅಪ್‌ಡೇಟ್: ನಮ್ಮ ಶಾಲೆಯ ಸುರಕ್ಷತಾ ವಾರ ಮುಗಿಯಿತು

ಪುಟ್ಟ ಮಕ್ಕಳನ್ನು ಹೆದರಿಸದೆ ಬೆಂಕಿಯ ಅಪಾಯ ಹೇಳಿಕೊಡುವುದು ಹೇಗೆ, ಸುಟ್ಟಗಾಯದ ಮಕ್ಕಳ ಚಿಕಿತ್ಸೆಗೆ ದುಡ್ಡು ಸೇರಿಸುವುದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಭಾಷಣ ಬೇಡ, ಆಡಿಸಿ ಅಂದಿರಿ. ಹಾಗೇ ಮಾಡಿದೆವು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ನಿಂತು, ಮಲಗಿ, ಉರುಳಬೇಕು ಅಂದಿದ್ದೇ ತಡ, ಇಡೀ ಕ್ಲಾಸು ಮುಖ ಮುಚ್ಚಿಕೊಂಡು ಚಾಪೆ ಮೇಲೆ ಉರುಳಿತು! ಹೊಗೆ ಮೇಲಕ್ಕೇರುತ್ತದೆ, ಅದಕ್ಕೇ ತೆವಳಬೇಕು ಅನ್ನುವುದನ್ನು ಬೆಂಚುಗಳಿಗೆ ಬೆಡ್‌ಶೀಟ್ ಹೊದಿಸಿ, ಅದರ ಕೆಳಗೆ ತೆವಳಿಸಿ ಕಲಿಸಿದೆವು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ಹರಿಯುವ ತಣ್ಣೀರು ಬೇಕು ಅನ್ನುವುದು ಎಷ್ಟೋ ಅಪ್ಪ-ಅಮ್ಮಂದಿರಿಗೇ ಹೊಸದು.

ಚಿಕಿತ್ಸೆಗೆ ದುಡ್ಡು ಸೇರಿಸಲು ಇಟ್ಟ ಡಬ್ಬಿಗೆ ಸೀಲ್ ಹಾಕಿ, ಎಲ್ಲರೆದುರು ಇಬ್ಬರು ಎಣಿಸಿ, ಮೊತ್ತವನ್ನು ಬೋರ್ಡ್ ಮೇಲೆ ಬರೆದೆವು. ಯಾರು ಎಷ್ಟು ಕೊಟ್ಟರು ಅಂತ ಬರೆಯಲಿಲ್ಲ, ಕೊಡಲಾಗದ ಮಗುವಿಗೆ ನೋವಾಗಬಾರದು ಅಲ್ವಾ? ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.