ಉತ್ತರ ಕೊರಿಯಾದ ಕ್ಷಿಪಣಿ ಬೆದರಿಕೆ: ಸೇನಾ ದಾಳಿಯೋ, ವ್ಯಾಪಾರ ನಿರ್ಬಂಧವೋ?

ಮಲೆನಾಡಿಗ (ಪ್ರಶ್ನೆ):

2017ರ ಆಗಸ್ಟ್ 29ರಂದು ಉತ್ತರ ಕೊರಿಯಾ ಹಾರಿಸಿದ ಕ್ಷಿಪಣಿ ಜಪಾನಿನ ಹೊಕ್ಕೈಡೊ ದ್ವೀಪದ ಮೇಲೆ ಹಾದು ಪೆಸಿಫಿಕ್ ಸಾಗರದಲ್ಲಿ ಬಿತ್ತು. ಐದೇ ದಿನಗಳಲ್ಲಿ ಆ ದೇಶ ತನ್ನ ಆರನೆಯ ಅಣ್ವಸ್ತ್ರ ಪರೀಕ್ಷೆಯನ್ನೂ ನಡೆಸಿತು. ಅದೇ ವರ್ಷ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದರ ಕಲ್ಲಿದ್ದಲು, ಕಬ್ಬಿಣ, ಮೀನು, ಜವಳಿಯ ರಫ್ತನ್ನು ನಿಷೇಧಿಸಿತು. ಭಾರತವೂ ಆಹಾರ ಮತ್ತು ಔಷಧಿ ಬಿಟ್ಟು ಉಳಿದ ವ್ಯಾಪಾರವನ್ನು ಬಹುತೇಕ ನಿಲ್ಲಿಸಿತು. ಇಷ್ಟಾದರೂ 2022ರಲ್ಲಿ ಅದು ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು ಕ್ಷಿಪಣಿಗಳನ್ನು ಹಾರಿಸಿತು. ಹಾಗಾದರೆ 1981ರಲ್ಲಿ ಇಸ್ರೇಲ್ ಇರಾಕಿನ ಒಸಿರಾಕ್ ಸ್ಥಾವರವನ್ನು ಕೆಡವಿದಂತೆ ಇಲ್ಲಿಯೂ ಮೊದಲೇ ದಾಳಿ ಮಾಡಬೇಕಿತ್ತೇ? ಆ ದಾರಿ ಈಗಲೂ ತೆರೆದಿದೆಯೇ?

ಇತಿಹಾಸದ ವಿದ್ಯಾರ್ಥಿ:

ಆ ದಾರಿಯನ್ನು ಯಾರೂ ಯೋಚಿಸಿರಲಿಲ್ಲ ಎಂದಲ್ಲ. 1994ರಲ್ಲಿ ಕ್ಲಿಂಟನ್ ಸರ್ಕಾರ ಯೊಂಗ್‌ಬ್ಯೊನ್ ಅಣುಸ್ಥಾವರದ ಮೇಲೆ ದಾಳಿ ನಡೆಸುವುದನ್ನು ಗಂಭೀರವಾಗಿ ಪರಿಶೀಲಿಸಿತ್ತು. ಆದರೆ ಸೋಲ್ ನಗರ ಗಡಿಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಷ್ಟೇ ಇದೆ. ಗಡಿಯಾಚೆಯ ಬೆಟ್ಟಗಳಲ್ಲಿ ಹುದುಗಿಸಿಟ್ಟ ಫಿರಂಗಿಗಳೇ ಅಲ್ಲಿ ಅಪಾರ ಸಾವುನೋವು ಉಂಟುಮಾಡಬಲ್ಲವು. ಇರಾಕಿನ ಕೈಯಲ್ಲಿ ಇಂಥ ಒತ್ತೆಯಾಳು ನಗರ ಇರಲಿಲ್ಲ. ಕೊಡಗಿನವರಾದ ಜನರಲ್ ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ಹಸ್ತಾಂತರ ಆಯೋಗದ ಅಧ್ಯಕ್ಷರಾಗಿ ಹೋಗಿದ್ದು ಇದೇ ಗಡಿಗೆ. ಅಂದು ಆದದ್ದು ಕದನವಿರಾಮ ಮಾತ್ರ, ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲವಾದ್ದರಿಂದ ಅಲ್ಲಿನ ಯಾವ ದಾಳಿಯೂ ಒಂದು ಸ್ಥಾವರಕ್ಕೆ ಸೀಮಿತವಾಗಿ ನಿಲ್ಲುತ್ತದೆ ಎಂದು ನಂಬಲಾಗದು.

ಈಗಂತೂ ಕೆಲಸ ಇನ್ನೂ ಕಠಿಣ. ದ್ರವ ಇಂಧನದ ಕ್ಷಿಪಣಿಯಾದರೆ ಸಿದ್ಧತೆಯ ಸುಳಿವು ಉಪಗ್ರಹಕ್ಕೆ ಸಿಗಬಹುದಿತ್ತು. 2023ರಲ್ಲಿ ಪರೀಕ್ಷಿಸಿದ ಹ್ವಾಸಾಂಗ್-18 ಘನ ಇಂಧನದ್ದು, ವಾಹನದ ಮೇಲೆ ಹೊರತಂದು ಅಲ್ಪ ಹೊತ್ತಿನಲ್ಲೇ ಹಾರಿಸಬಹುದಾದದ್ದು. ಸೋಲ್‌ನಲ್ಲಿ ಮನೆಮಕ್ಕಳನ್ನು ಇಟ್ಟುಕೊಂಡವರು ಒಪ್ಪದ ದಾಳಿಯನ್ನು ದೂರದಲ್ಲಿ ಕುಳಿತವರು ಸೂಚಿಸುವುದು ನ್ಯಾಯವಲ್ಲ ಎಂದು ನಾನು ಭಾವಿಸುತ್ತೇನೆ.

ಕಡಲ ದಾರಿ:

ತೈಲ ಹಡಗುಗಳಲ್ಲಿ ದುಡಿಯುವವನಾಗಿ ನಿರ್ಬಂಧದ ಬಗ್ಗೆ ಒಂದು ಮಾತು. 2017ರ ಡಿಸೆಂಬರಿನ 2397ನೆಯ ನಿರ್ಣಯ ಸಂಸ್ಕರಿಸಿದ ತೈಲದ ಆಮದನ್ನು ವರ್ಷಕ್ಕೆ 5 ಲಕ್ಷ ಬ್ಯಾರೆಲ್‌ಗೆ ಇಳಿಸಿತು. ಮಧ್ಯಮ ಗಾತ್ರದ ಒಂದು ಟ್ಯಾಂಕರ್ ಸುಮಾರು 3 ಲಕ್ಷ ಬ್ಯಾರೆಲ್ ಹೊರುತ್ತದೆ. ಅಂದರೆ ಇಡೀ ದೇಶದ ವರ್ಷದ ಪಾಲು ಎರಡು ಟ್ಯಾಂಕರಿಗೂ ಕಡಿಮೆ. ಆದರೆ ನಡುಗಡಲಿನಲ್ಲಿ ಎರಡು ಹಡಗುಗಳ ನಡುವೆ ದಪ್ಪ ರಬ್ಬರ್ ಫೆಂಡರುಗಳನ್ನು ಇಳಿಬಿಟ್ಟು, ಹಗ್ಗ ಬಿಗಿದು, ಹೋಸ್ ಜೋಡಿಸಿ ತೈಲ ದಾಟಿಸುವುದು ನಮ್ಮ ವೃತ್ತಿಯಲ್ಲಿ ಕಾನೂನುಬದ್ಧವಾಗಿಯೂ ನಡೆಯುವ ಕೆಲಸ. ಇರುವ ಜಾಗವನ್ನು ತಿಳಿಸುವ ಎಐಎಸ್ ಉಪಕರಣವನ್ನು ಆರಿಸಿಬಿಟ್ಟರೆ ಅದೇ ಕೆಲಸ ಕಳ್ಳಸಾಗಣೆಯಾಗುತ್ತದೆ. ಇಂಥವನ್ನು ಚಿತ್ರಸಮೇತ ದಾಖಲಿಸುತ್ತಿದ್ದ ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಅವಧಿ ವಿಸ್ತರಣೆಗೆ 2024ರ ಮಾರ್ಚಿನಲ್ಲಿ ರಷ್ಯಾ ವಿಟೊ ಹಾಕಿತು. ಕಾವಲೇ ಇಲ್ಲದ ನಿರ್ಬಂಧದಿಂದ ಏನನ್ನು ನಿರೀಕ್ಷಿಸೋಣ?

ಅರ್ಥಶಾಸ್ತ್ರದ ಮೇಷ್ಟ್ರು:

ಕಾವಲು ಸಡಿಲವಾದದ್ದು ನಿಜ, ಆದರೆ ಸೋಲಿಗೆ ಅದೊಂದೇ ಕಾರಣವೆಂದು ನಾನು ಒಪ್ಪಲಾರೆ. 2020ರ ಜನವರಿಯಲ್ಲಿ ಕೋವಿಡ್ ಭಯದಿಂದ ಉತ್ತರ ಕೊರಿಯಾ ತನ್ನ ಗಡಿಯನ್ನು ತಾನೇ ಮುಚ್ಚಿಕೊಂಡಿತು. ಅದರ ವಿದೇಶ ವ್ಯಾಪಾರದ ಬಹುಪಾಲು ಚೀನಾದೊಂದಿಗೇ ಇದ್ದುದರಿಂದ ಆ ವ್ಯಾಪಾರವೆಲ್ಲ ಕುಸಿಯಿತು. ಯಾವ ನಿರ್ಣಯವೂ ಹೇರಲಾರದಷ್ಟು ಬಿಗಿಯಾದ ಈ ಸ್ಥಿತಿಯಲ್ಲಿ ನರಳಿದವರು ಸಾಮಾನ್ಯ ಜನ. ನೀವು ಹೇಳಿದ 2022ರ ದಾಖಲೆ ಬಂದದ್ದು ಅದರ ನಂತರವೇ.

ಒತ್ತಡ ಫಲ ಕೊಟ್ಟ ಸಂದರ್ಭವೂ ಇದೆ. 2005ರಲ್ಲಿ ಅಮೆರಿಕದ ಖಜಾನೆ ಇಲಾಖೆ ಮಕಾವ್‌ನ ಬ್ಯಾಂಕೊ ಡೆಲ್ಟಾ ಏಷ್ಯಾ ಮೇಲೆ ಅಕ್ರಮ ಹಣದ ವಹಿವಾಟಿನ ಆರೋಪ ಹೊರಿಸಿದಾಗ ಉತ್ತರ ಕೊರಿಯಾದ ಸುಮಾರು 2.5 ಕೋಟಿ ಡಾಲರ್ ಅಲ್ಲಿ ಸಿಕ್ಕಿಬಿತ್ತು. ಮೊತ್ತ ಸಣ್ಣದಾದರೂ ಬೇರೆ ಬ್ಯಾಂಕುಗಳು ಹೆದರಿ ದೂರ ಸರಿದವು. ಈ ನಡುವೆಯೇ 2006ರ ಮೊದಲ ಅಣ್ವಸ್ತ್ರ ಪರೀಕ್ಷೆ ನಡೆಯಿತೆಂಬುದನ್ನು ಮರೆಯಬಾರದು. ಆದರೂ 2007ರ ಜೂನ್‌ನಲ್ಲಿ ಹಣ ಮರಳಿತು, ಜುಲೈನಲ್ಲಿ ಯೊಂಗ್‌ಬ್ಯೊನ್ ರಿಯಾಕ್ಟರ್ ನಿಂತಿತು, ಮರುವರ್ಷ ಅದರ ಶೀತಲೀಕರಣ ಗೋಪುರವನ್ನು ಕ್ಯಾಮೆರಾಗಳ ಮುಂದೆಯೇ ಉರುಳಿಸಲಾಯಿತು. ಕಟ್ಟಿದ ಗಂಟನ್ನು ಯಾವ ಷರತ್ತಿಗೆ ಬಿಚ್ಚುತ್ತಾರೆಂಬುದು ಆಗ ಎರಡೂ ಕಡೆಗೆ ತಿಳಿದಿತ್ತು. 2019ರ ಹನೋಯ್ ಮಾತುಕತೆಯಲ್ಲಿ ಅದು ತಪ್ಪಿತು: ಕಿಮ್ ಯೊಂಗ್‌ಬ್ಯೊನ್ ಒಂದನ್ನೇ ಮುಂದಿಟ್ಟು 2016ರ ನಂತರದ ಮುಖ್ಯ ನಿರ್ಬಂಧಗಳೆಲ್ಲ ಹೋಗಲಿ ಎಂದರು, ಟ್ರಂಪ್ ಒಪ್ಪದೆ ಎದ್ದರು. ಒಂದಿಷ್ಟಕ್ಕೆ ಒಂದಿಷ್ಟು ಎಂಬ ಹಂತದ ಒಪ್ಪಂದಕ್ಕೆ ಅಲ್ಲಿ ಅವಕಾಶವಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಮಲೆನಾಡಿಗ:

ಎಲ್ಲರಿಗೂ ಧನ್ಯವಾದಗಳು. ಆದರೆ ರಷ್ಯಾದ ಯುದ್ಧಕ್ಕೆ ತನ್ನ ಸೈನಿಕರನ್ನೇ ಕಳುಹಿಸಿ ಅದರ ಬೆಂಬಲ ಗಳಿಸಿರುವ ದೇಶಕ್ಕೆ ಈಗ ಹಂತದ ಒಪ್ಪಂದ ಏಕೆ ಬೇಕಾದೀತು ಮೇಷ್ಟ್ರೇ?

ಅರ್ಥಶಾಸ್ತ್ರದ ಮೇಷ್ಟ್ರು:

ಸದ್ಯಕ್ಕೆ ಬೇಕಾಗದೇ ಇರಬಹುದು. ಹಾಗಿರುವಾಗ ಅಣ್ವಸ್ತ್ರ ತ್ಯಾಗದಂಥ ದೊಡ್ಡ ಬೇಡಿಕೆಗಿಂತ ಮೊದಲು ತಪ್ಪು ತಿಳಿವಳಿಕೆಯಿಂದ ಯುದ್ಧ ಹತ್ತದಂತೆ ನೋಡಿಕೊಳ್ಳಬೇಕು. ಎರಡು ಕೊರಿಯಾಗಳ ನಡುವಿನ ದೂರವಾಣಿ ಸಂಪರ್ಕಕ್ಕೆ 2023ರ ಏಪ್ರಿಲ್‌ನಲ್ಲಿ ಉತ್ತರದವರು ಉತ್ತರಿಸುವುದನ್ನು ನಿಲ್ಲಿಸಿದರು. ಮಾತುಕತೆ ಎಂದಾದರೂ ಮತ್ತೆ ಆರಂಭವಾದರೆ, ಆ ಕರೆಗಳನ್ನು ಸ್ವೀಕರಿಸುವುದನ್ನೇ ಮೊದಲ ಷರತ್ತಾಗಿ ಇಟ್ಟು, ಅದಕ್ಕೆ ಪ್ರತಿಯಾಗಿ ಜನರ ಬದುಕಿಗೆ ಬೇಕಾದ ಯಾವುದಾದರೊಂದು ಆಮದಿನ ನಿರ್ಬಂಧವನ್ನು ತೆಗೆಯುವುದು ಸೂಕ್ತ.