4ಕೆಗೆ ಬದಲಾಯಿಸಿದ ಕೂಡಲೇ ಮಾನಿಟರ್‌ನಲ್ಲಿ ಬಿಳಿ ಚುಕ್ಕೆಗಳು

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನನ್ನ ಮಾನಿಟರ್ 1920×1080ರಲ್ಲಿ ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡುತ್ತದೆ. ಆದರೆ 3840×2160 (4ಕೆ), 60 ಹರ್ಟ್ಸ್‌ಗೆ ಬದಲಾಯಿಸಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಒಮ್ಮೊಮ್ಮೆ ಪರದೆಯೇ ಕ್ಷಣಕಾಲ ಆರಿಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿರಬಹುದೇ?

ಉತ್ತರ 1: ಕಾರ್ಡಿನ ಮೇಲೆ ಸಂಶಯಪಡುವ ಮೊದಲು ದಯವಿಟ್ಟು ಎಚ್‌ಡಿಎಂಐ ಕೇಬಲ್ ಪರೀಕ್ಷಿಸಿ. 1080, 60 ಹರ್ಟ್ಸ್‌ಗೆ 148.5 ಮೆಗಾಹರ್ಟ್ಸ್ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳನ್ನು ಕಳುಹಿಸುವ ವೇಗ) ಸಾಕು, 4ಕೆ 60 ಹರ್ಟ್ಸ್‌ಗೆ 594 ಬೇಕು. ಎಚ್‌ಡಿಎಂಐ 2.0ದಲ್ಲಿ ಕೆಟ್ಟ ಪಿಕ್ಸೆಲನ್ನು ಮತ್ತೊಮ್ಮೆ ಕಳುಹಿಸುವ ವ್ಯವಸ್ಥೆಯೇ ಇಲ್ಲದಿರುವುದರಿಂದ, ಹಳೆಯ ಅಥವಾ ಬಹಳ ಉದ್ದದ ಕೇಬಲ್‌ನಲ್ಲಿ ಸಿಗ್ನಲ್ ಕ್ಷೀಣಿಸಿದರೆ ಆ ದೋಷ ನೇರವಾಗಿ ಚುಕ್ಕೆಯಾಗಿ ಕಾಣುತ್ತದೆ. ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಚಿತ್ರ ಹೊಸದಾಗುವ ಸಂಖ್ಯೆ) 30 ಹರ್ಟ್ಸ್‌ಗೆ ಇಳಿಸಿ ನೋಡಿ. ಚುಕ್ಕೆಗಳು ಹೋದರೆ 18 ಗಿಗಾಬಿಟ್ ವೇಗಕ್ಕೆ ಪ್ರಮಾಣೀಕರಿಸಿದ 'ಪ್ರೀಮಿಯಂ ಹೈಸ್ಪೀಡ್' ಕೇಬಲ್ ಕೊಳ್ಳಿ.

ಉತ್ತರ 2: ಇದರೊಂದಿಗೆ, ಚುಕ್ಕೆಗಳು ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಮೊಬೈಲ್‌ನಲ್ಲಿ ತೆರೆಯಿರಿ. ಅಲ್ಲಿಯೂ ಕಲೆಗಳಿದ್ದರೆ ದೋಷ ಕಾರ್ಡ್ ಅಥವಾ ಡ್ರೈವರ್‌ನದು. ಚಿತ್ರ ಸ್ವಚ್ಛವಾಗಿದ್ದರೆ ದೋಷ ಬಹುತೇಕ ಕೇಬಲ್, ಪೋರ್ಟ್ ಅಥವಾ ಮಾನಿಟರ್‌ನಲ್ಲಿದೆ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೊಂದಿಲ್ಲ.

ಪ್ರಶ್ನೆ ಕೇಳಿದವರು: 30 ಹರ್ಟ್ಸ್‌ನಲ್ಲಿ ಚುಕ್ಕೆಗಳಿಲ್ಲ, ಸ್ಕ್ರೀನ್‌ಶಾಟ್ ಕೂಡ ಸ್ವಚ್ಛವಾಗಿದೆ. ಕೇಬಲ್ ಮೇಲೆ 'ಹೈಸ್ಪೀಡ್' ಎಂದಷ್ಟೇ ಮುದ್ರಿಸಿದ್ದಾರೆ, ಹೊಸದನ್ನು ತರಿಸುತ್ತಿದ್ದೇನೆ. ಇಬ್ಬರಿಗೂ ಧನ್ಯವಾದಗಳು.